ಸೋಡ ಸೀಸೆಗಳ ಕಾಲನಿರ್ಣಯ: ಕೆಲವು ವಿಚಾರಗಳು

೧. ಪೀಠಿಕೆ

ಇತಿಹಾಸದ ಆಕರಗಳೆಂದೊಡನೆ ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ ಇವು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಮನುಷ್ಯನು ದಿನಬಳಕೆಗೆಂದು ಮಾಡಿಕೊಂಡು, ಕೆಲಸ ತೀರಿದ ಮೇಲೆ ಹಿತ್ತಲಿಗೆ ಎಸೆದ ವಸ್ತುಗಳೂ ಆಕರಗಳೇ ಆಗಿವೆ. ಮಡಕೆಯ ಚೂರುಗಳಿಂದ ಸಾತವಾಹನರ ಕಾಲದ ಊರೊಂದರ ಬಾಳುವೆಯನ್ನು ಊಹಿಸಬಹುದಾದರೆ, ಗಾಜಿನ ಸೀಸೆಗಳಿಂದ ಕಳೆದ ಇನ್ನೂರು ವರ್ಷಗಳ ಕೈಗಾರಿಕೆ, ವ್ಯಾಪಾರ, ಜನರ ಅಭಿರುಚಿ ಇವುಗಳ ಚರಿತ್ರೆಯನ್ನು ಅರಿಯಲು ಅಡ್ಡಿಯೇನೂ ಇಲ್ಲ. ಹಳೆಯ ಸೋಡ ಸೀಸೆಗಳನ್ನು ಸಂಗ್ರಹಿಸುವ ಹವ್ಯಾಸ ಇಂಗ್ಲೆಂಡು ಅಮೆರಿಕಗಳಲ್ಲಿ ಬಹುಕಾಲದಿಂದ ಇದೆ. ನಮ್ಮಲ್ಲಿಯೂ ಈಚೆಗೆ ಕೆಲವರು ಇದರಲ್ಲಿ ಆಸಕ್ತಿ ವಹಿಸುತ್ತಿದ್ದಾರೆ. ಸಂಗ್ರಾಹಕನು ಮೊಟ್ಟಮೊದಲು ಕೇಳುವ ಪ್ರಶ್ನೆ, “ಇದು ಯಾವ ಕಾಲದ್ದು?” ಎಂಬುದು. ಕೇಳುವುದು ಸುಲಭ, ಉತ್ತರಿಸುವಲ್ಲಿ ತಪ್ಪುವುದು ಇನ್ನೂ ಸುಲಭ.

ಈ ತಪ್ಪನ್ನು ನಾವೇ ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬನು ತನ್ನ ಊರಿನಿಂದ ಹಸುರು ಗಾಜಿನ ಗೋಲಿ ಸೋಡ ಸೀಸೆಯೊಂದನ್ನು ತಂದು ನಮ್ಮ ವಸ್ತುಸಂಗ್ರಹಕ್ಕೆ ಕೊಟ್ಟನು. ಗೋಲಿ ಸೀಸೆಯ ರಚನೆಗೆ ೧೮೭೨ರಲ್ಲಿ ಪೇಟೆಂಟು ದೊರೆಯಿತೆಂಬುದನ್ನು ಓದಿದ್ದ ನಾವು, “ಸೋಡ ಸೀಸೆ, ಕ್ರಿ. ಶ. ೧೮೭೨” ಎಂದು ಚೀಟಿ ಬರೆದು ಅಂಟಿಸಿದೆವು. ಆ ಚೀಟಿ ಮೂರು ವರ್ಷ ವಿದ್ಯಾರ್ಥಿಗಳ ಕಣ್ಣ ಮುಂದೆ ಇತ್ತು. ಒಮ್ಮೆ ಆ ವಿದ್ಯಾರ್ಥಿಯ ಅಜ್ಜ ಕಾಲೇಜಿಗೆ ಬಂದವರು ಕಪಾಟಿನ ಮುಂದೆ ನಿಂತು ನಕ್ಕರು. “ಇದನ್ನ ನಾನೇ ಕೊಂಡದ್ದು ಸ್ವಾಮಿ, ಅಂಗಡಿ ಇಟ್ಟಾಗ. ಎಮರ್ಜೆನ್ಸಿ ಬಂತಲ್ಲ, ಆ ವರ್ಷ” ಎಂದರು. ಎಂದರೆ ೧೯೭೫. ನಮ್ಮ ಚೀಟಿಯಲ್ಲಿ ನೂರಮೂರು ವರ್ಷಗಳ ತಪ್ಪಿತ್ತು.

ಶಾಸನವೊಂದರ ಕಾಲವನ್ನು ಇಷ್ಟು ತಪ್ಪಾಗಿ ಹೇಳಿದವನನ್ನು ವಿದ್ವಾಂಸರು ಕ್ಷಮಿಸಲಾರರು. ಸೀಸೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಏಕೆ? ನಮ್ಮ ತಪ್ಪಿನ ಮೂಲವೆಲ್ಲಿ, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೨. ಪೂರ್ವಮಿತಿ, ಉತ್ತರಮಿತಿ

ನಮ್ಮ ಪ್ರಾಚೀನ ಕವಿಗಳ ಕಾಲವನ್ನು ವಿದ್ವಾಂಸರು ನಿರ್ಣಯಿಸುವ ಕ್ರಮವನ್ನು ಇಲ್ಲಿ ನೆನೆಯಬಹುದು. ಕವಿಯೊಬ್ಬನು ತನಗಿಂತ ಹಿಂದಿನವನೊಬ್ಬನನ್ನು ಸ್ಮರಿಸಿದ್ದರೆ, ಇವನು ಆತನ ತರುವಾಯದವನು, ಇದು ಪೂರ್ವಮಿತಿ. ಇವನ ಪದ್ಯವನ್ನು ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ದಲ್ಲಿ ಎತ್ತಿಕೊಂಡಿದ್ದರೆ, ಇವನು ಹದಿಮೂರನೆಯ ಶತಮಾನದ ಆ ಸಂಕಲನಕ್ಕಿಂತ ಹಿಂದಿನವನು, ಇದು ಉತ್ತರಮಿತಿ. ಎರಡು ಮಿತಿಗಳ ನಡುವೆ ಕವಿಯ ಕಾಲವಿರುತ್ತದೆ. ಉತ್ಖನನದಲ್ಲಿಯೂ ನ್ಯಾಯ ಇದೇ. ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ಚಕ್ರವರ್ತಿ ತಿಬೇರಿಯಸನ ಬೆಳ್ಳಿಯ ನಾಣ್ಯ, ಅದು ಬಿದ್ದಿದ್ದ ಮಣ್ಣಿನ ಪದರವು ಆತನ ಆಳಿಕೆಗಿಂತ ಹಿಂದಿನದಲ್ಲವೆಂಬುದನ್ನು ಹೇಳುತ್ತದೆಯೇ ಹೊರತು, ಆತನ ಆಳಿಕೆಯದೇ ಎಂದು ಹೇಳುವುದಿಲ್ಲ. ನಾಣ್ಯವು ಹಲವು ಕೈಗಳನ್ನು ದಾಟಿ, ಬಹುಕಾಲ ಚಲಾವಣೆಯಲ್ಲಿದ್ದು, ಆ ಮೇಲೆ ಮಣ್ಣು ಸೇರಿರಬಹುದು.

ಸೀಸೆಗೆ ಸಂಬಂಧಿಸಿದಂತೆ ಮೂರು ಕಾಲಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು, ಆ ಮಾದರಿ ಹುಟ್ಟಿದ ಕಾಲ. ಎರಡನೆಯದು, ನಮ್ಮ ಕೈಯಲ್ಲಿರುವ ಸೀಸೆ ಕುಲುಮೆಯಿಂದ ಹೊರಬಂದ ಕಾಲ. ಮೂರನೆಯದು, ಅದು ಬಳಕೆಯಲ್ಲಿದ್ದು ಕೊನೆಗೆ ಎಸೆಯಲ್ಪಟ್ಟ ಕಾಲ. ಪೇಟೆಂಟು ಹೇಳುವುದು ಮೊದಲನೆಯದನ್ನು. ನಾವು ತಿಳಿಯಬಯಸುವುದು ಸಾಮಾನ್ಯವಾಗಿ ಎರಡನೆಯದನ್ನು. ನೆಲದಲ್ಲಿ ಅಗೆದಾಗ ತಿಳಿಯುವುದು ಮೂರನೆಯದು. ನಾವು ಮೊದಲನೆಯದನ್ನೇ ಎರಡನೆಯದೆಂದು ಭ್ರಮಿಸಿದೆವು. ಸಂಗ್ರಾಹಕರ ತಪ್ಪುಗಳಲ್ಲಿ ಬಹುಪಾಲು ಈ ಜಾತಿಯವೇ.

೩. ಬಿರಡೆಯ ಚರಿತ್ರೆ

ಸೋಡ ಸೀಸೆಯ ಆಕಾರವನ್ನು ನಿರ್ಧರಿಸಿದುದು ಅದರೊಳಗಿನ ವಾಯು. ೧೭೬೭ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಇಂಗ್ಲಿಷ್ ವಿಜ್ಞಾನಿ, ಲೀಡ್ಸ್ ನಗರದಲ್ಲಿ ತನ್ನ ಮನೆಯ ಪಕ್ಕದ ಮದ್ಯದ ಭಟ್ಟಿಯಲ್ಲಿ ಹೊಮ್ಮುತ್ತಿದ್ದ ಇಂಗಾಲಾಮ್ಲ ವಾಯುವನ್ನು ನೀರಿಗೆ ಬೆರಸುವ ಬಗೆಯನ್ನು ಕಂಡುಕೊಂಡನು. ೧೭೭೨ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದನು. ಯಾಕೋಬ್ ಶ್ವೆಪ್ಪೆ ಎಂಬಾತ ೧೭೮೩ರಲ್ಲಿ ಜಿನೀವಾದಲ್ಲಿ ಇದನ್ನು ಉದ್ಯಮವಾಗಿ ಮಾಡಿ, ೧೭೯೨ರಲ್ಲಿ ಲಂಡನ್ನಿಗೆ ತಂದನು. ನೀರಿನಲ್ಲಿ ಒತ್ತಡದಿಂದ ಸೇರಿಸಿದ ವಾಯು ಹೊರಗೆ ಬರಲು ಸದಾ ಹವಣಿಸುತ್ತದೆ. ಆದುದರಿಂದ ಸೋಡ ಸೀಸೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಅದರ ಬಿರಡೆಯ ಚರಿತ್ರೆಯೇ ಆಗಿದೆ.

ಮೊದಲಿಗೆ ಇದ್ದುದು ಬೆಂಡಿನ ಬಿರಡೆ. ಬೆಂಡು ಒಣಗಿದರೆ ಕುಗ್ಗುತ್ತದೆ. ಕುಗ್ಗಿದರೆ ವಾಯು ಸೋರುತ್ತದೆ. ಇದಕ್ಕೆ ಪರಿಹಾರವಾಗಿ ಬುಡವೇ ಇಲ್ಲದ, ನಿಲ್ಲಿಸಲು ಬಾರದ, ಮೊಟ್ಟೆಯಂತೆ ನೀಳವಾದ ಸೀಸೆ ಬಂದಿತು. ವಿಲಿಯಂ ಹ್ಯಾಮಿಲ್ಟನ್ನನು ೧೮೦೯ರ ತನ್ನ ಪೇಟೆಂಟಿನಲ್ಲಿ ಇದನ್ನು ವರ್ಣಿಸಿದುದರಿಂದ ಇದಕ್ಕೆ ಹ್ಯಾಮಿಲ್ಟನ್ ಸೀಸೆಯೆಂದು ಹೆಸರು. ನಿಲ್ಲಿಸಲು ಬಾರದ್ದರಿಂದ ಮಲಗಿಸಿಯೇ ಇಡಬೇಕು. ಮಲಗಿಸಿದರೆ ಬೆಂಡು ಸದಾ ಒದ್ದೆಯಾಗಿರುತ್ತದೆ. ನೋಡಲು ವಿಚಿತ್ರವಾದ ಆಕಾರಕ್ಕೆ ಕಾರಣ ಇಷ್ಟು ಸರಳವಾದುದು. ಈ ಮಾದರಿಯೂ ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ತಯಾರಾಗುತ್ತಿದ್ದಿತೆಂಬುದನ್ನು ಮರೆಯಬಾರದು.

ಗೋಲಿ ಸೀಸೆಯನ್ನು ರೂಪಿಸಿದವನು ಹೈರಮ್ ಕಾಡ್ ಎಂಬ ಇಂಗ್ಲಿಷ್ ಯಂತ್ರಜ್ಞ. ೧೮೭೦ರಲ್ಲಿ ಮೊದಲು ಯತ್ನಿಸಿ, ೧೮೭೨ರಲ್ಲಿ ಈಗ ನಾವು ಕಾಣುವ ರೂಪವನ್ನು ಸಾಧಿಸಿದನು. ಸೀಸೆಯ ಬಾಯೊಳಗೆ ಒಂದು ಗಾಡಿ. ಆ ಗಾಡಿಯಲ್ಲಿ ರಬ್ಬರಿನ ಉಂಗುರ. ಕತ್ತಿನೊಳಗೆ ಸೆರೆಯಾದ ಗಾಜಿನ ಗೋಲಿ. ಸೀಸೆಯನ್ನು ತಲೆಕೆಳಗಾಗಿ ಹಿಡಿದು ಸೋಡ ತುಂಬಿದರೆ ಗೋಲಿ ಬಾಯಿಗೆ ಬಂದು ಕೂಡುತ್ತದೆ; ಒಳಗಿನ ವಾಯುವಿನ ಒತ್ತಡವೇ ಅದನ್ನು ಉಂಗುರಕ್ಕೆ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಎಂದರೆ ಹೊರಗೆ ಬರಲು ಹವಣಿಸುವ ವಾಯುವನ್ನೇ ಬಾಗಿಲು ಕಾಯುವಂತೆ ಮಾಡಿದ ಜಾಣ್ಮೆ ಇದು. ಕತ್ತಿನ ಎರಡು ತಗ್ಗುಗಳು, ಬಗ್ಗಿಸಿ ಸುರಿಯುವಾಗ ಗೋಲಿ ಮತ್ತೆ ಬಾಯಿಗೆ ಉರುಳದಂತೆ ತಡೆಯುತ್ತವೆ.

ಅಮೆರಿಕದಲ್ಲಿ ಗೋಲಿಗಿಂತ ಹೆಚ್ಚಾಗಿ ಬಳಕೆಗೆ ಬಂದುದು ಷಿಕಾಗೋ ನಗರದ ಚಾರ್ಲ್ಸ್ ಹಚಿನ್ಸನ್ನನು ೧೮೭೯ರಲ್ಲಿ ಪೇಟೆಂಟು ಪಡೆದ ತಂತಿಯ ಬಿರಡೆ. ಬಾಗಿಸಿದ ತಂತಿಯ ತುದಿಗೆ ರಬ್ಬರಿನ ಬಿಲ್ಲೆ. ತಂತಿಯನ್ನು ಮೇಲಕ್ಕೆಳೆದರೆ ಮುಚ್ಚುತ್ತದೆ, ಕೆಳಕ್ಕೊತ್ತಿದರೆ ತೆರೆಯುತ್ತದೆ. ಕುಳ್ಳನೆಯ ಕತ್ತು, ದಪ್ಪನೆಯ ಗುಂಡು ಬಾಯಿ ಈ ಜಾತಿಯ ಸೀಸೆಯ ಲಕ್ಷಣ.

ಈ ಎಲ್ಲ ಬಿರಡೆಗಳನ್ನೂ ಮೂಲೆಗೊತ್ತಿದುದು, ನಮ್ಮಲ್ಲಿ ಸೋಡ ಮುಚ್ಚಳವೆಂದೇ ಹೆಸರಾಗಿರುವ, ಅಂಚಿಗೆ ನಿರಿಗೆಯುಳ್ಳ ತಗಡಿನ ಬಿಲ್ಲೆ. ಬಾಲ್ಟಿಮೋರ್ ನಗರದ ವಿಲಿಯಂ ಪೇಂಟರನು ೧೮೯೨ರ ಫೆಬ್ರವರಿ ೨ರಂದು ಇದಕ್ಕೆ ಪೇಟೆಂಟು ಪಡೆದನು. ಒಮ್ಮೆ ಬಳಸಿ ಬಿಸಾಡುವ ಮುಚ್ಚಳ ಇದು. ಸೀಸೆಯ ಒಳಗೆ ಕೊಳೆ ಕೂಡುವ ಗೋಲಿಯೂ ಇಲ್ಲ, ತಂತಿಯೂ ಇಲ್ಲ. ಆದರೆ ಈ ಮುಚ್ಚಳ ಸರಿಯಾಗಿ ಕೂಡಬೇಕಾದರೆ ಪ್ರತಿಯೊಂದು ಸೀಸೆಯ ಬಾಯಿಯೂ ಒಂದೇ ಅಳತೆಯದಾಗಿರಬೇಕು. ಕೈಯಿಂದ ಬಾಯಿ ತಿದ್ದುವ ಕಾಲದಲ್ಲಿ ಅದು ಸುಲಭವಲ್ಲ. ಆದುದರಿಂದ ಮುಚ್ಚಳದ ಪ್ರಸಾರಕ್ಕೂ ಸೀಸೆ ಮಾಡುವ ಯಂತ್ರದ ಪ್ರಸಾರಕ್ಕೂ ನಿಕಟವಾದ ಸಂಬಂಧವುಂಟು.

ಬಾಯಿಯ ಆಕಾರವನ್ನು ನೋಡಿ ನಾವು ಹೇಳಬಹುದಾದುದು ಇಷ್ಟೇ: ಮುಚ್ಚಳಕ್ಕೆಂದು ಮಾಡಿದ ಬಾಯುಳ್ಳ ಸೀಸೆ ೧೮೯೨ಕ್ಕಿಂತ ಹಿಂದಿನದಲ್ಲ, ಹಚಿನ್ಸನ್ ಬಿರಡೆಯದು ೧೮೭೯ಕ್ಕಿಂತ ಹಿಂದಿನದಲ್ಲ. ಎಷ್ಟು ಈಚಿನದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕು.

೪. ಗಾಜಿನ ಮೇಲಿನ ಗುರುತುಗಳು

ಆ ಸಾಕ್ಷ್ಯವನ್ನು ಮೊದಲು ಹುಡುಕಬೇಕಾದುದು ಸೀಸೆಯ ಬುಡದಲ್ಲಿ. ಕೈಯಿಂದ ಊದಿ ಮಾಡುವ ಕಾಲದಲ್ಲಿ, ಊದುಕೊಳವೆಯಿಂದ ಸೀಸೆಯನ್ನು ಬಿಡಿಸಿ ಅದರ ಬಾಯನ್ನು ತಿದ್ದುವವರೆಗೆ, ಬುಡಕ್ಕೆ ಒಂದು ಕಬ್ಬಿಣದ ಸಲಾಕೆಯನ್ನು ಅಂಟಿಸಿ ಹಿಡಿಯುತ್ತಿದ್ದರು. ಆ ಸಲಾಕೆಯನ್ನು ಕಿತ್ತಾಗ ಬುಡದಲ್ಲಿ ಒರಟಾದ ಕಲೆ ಉಳಿಯುತ್ತಿತ್ತು. ಅಮೆರಿಕದ ೧೮೪೦–೧೮೬೦ರ ಸುಮಾರಿನ ಸೋಡ ಸೀಸೆಗಳ ಬುಡದಲ್ಲಿ ಕೆಂಪು ಅಥವಾ ಕಪ್ಪು ಛಾಯೆಯ ಲೋಹದ ಪೊರೆಯನ್ನು ಕಾಣಬಹುದು. ತರುವಾಯ ಸೀಸೆಯ ಒಡಲನ್ನೇ ಕವಚಿ ಹಿಡಿಯುವ ಇಕ್ಕಳ ಬಳಕೆಗೆ ಬಂದು, ಸಲಾಕೆಯ ಕಲೆ ಕ್ರಮೇಣ ಮಾಯವಾಯಿತು.

ಎರಡನೆಯದು ಅಚ್ಚಿನ ಗೆರೆ. ಎರಡು ಹೋಳಾಗಿ ತೆರೆಯುವ ಅಚ್ಚಿನಲ್ಲಿ ಊದಿದ ಸೀಸೆಯ ಎರಡು ಪಕ್ಕಗಳಲ್ಲಿಯೂ ಹೋಳುಗಳು ಕೂಡಿದ ಕಡೆ ಸಣ್ಣ ಏಣು ಮೂಡುತ್ತದೆ. ಗೆರೆ ಹೆಗಲಿನಲ್ಲಿ ನಿಂತಿದ್ದರೆ ಹಳೆಯದು, ಕತ್ತಿನವರೆಗೆ ಹೋಗಿದ್ದರೆ ಅದಕ್ಕಿಂತ ಹೊಸದು, ಬಾಯಿಯ ಹತ್ತಿರಕ್ಕೆ ಬಂದಿದ್ದರೆ ಇನ್ನೂ ಹೊಸದು ಎಂಬ ಸೂತ್ರವೊಂದು ಸಂಗ್ರಾಹಕರಲ್ಲಿ ಬಹಳ ಪ್ರಚಾರದಲ್ಲಿದೆ. ಜ್ವರಮಾಪಕದಲ್ಲಿ ಪಾದರಸದ ಎತ್ತರವನ್ನು ನೋಡಿ ಜ್ವರವನ್ನು ಹೇಳುವಂತೆ ಗೆರೆಯ ಎತ್ತರವನ್ನು ನೋಡಿ ಕಾಲವನ್ನು ಹೇಳುವ ಈ ಸೂತ್ರ ನಂಬತಕ್ಕುದಲ್ಲ. ಗೆರೆ ಎಲ್ಲಿ ನಿಲ್ಲುವುದೆಂಬುದು ಬಾಯನ್ನು ತಿದ್ದಿದ ಕೆಲಸಗಾರನ ಕೈಯನ್ನು ಅವಲಂಬಿಸಿದೆ. ಬಾಯನ್ನು ಮತ್ತೆ ಕಾಯಿಸಿ, ತಿದ್ದುವ ಉಪಕರಣವನ್ನು ತಿರುಗಿಸಿದಾಗ ಗೆರೆಯ ಮೇಲ್ತುದಿ ಅಳಿಸಿಹೋಗುತ್ತದೆ. ಹೆಚ್ಚು ಕಾಯಿಸಿದರೆ ಹೆಚ್ಚು, ಕಡಮೆ ಕಾಯಿಸಿದರೆ ಕಡಮೆ. ಅಚ್ಚಿನೊಳಗೆ ಸೀಸೆಯನ್ನೇ ತಿರುಗಿಸಿದರಂತೂ ಗೆರೆ ಪೂರ್ತಿಯಾಗಿ ಅಳಿಸಿಹೋಗುತ್ತದೆ. ಅಂತಹ ಸೀಸೆಯನ್ನು ಈ ಸೂತ್ರದಿಂದ ಅಳೆದರೆ ಅಚ್ಚೇ ಇಲ್ಲದ ಕಾಲಕ್ಕೆ ಹೋಗಬೇಕಾದೀತು.

ಈ ಸೂತ್ರದಲ್ಲಿ ಉಳಿಸಿಕೊಳ್ಳತಕ್ಕ ಅಂಶವೊಂದುಂಟು. ಗೆರೆ ಬಾಯಿಯ ಅಂಚನ್ನೂ ಏರಿ ದಾಟಿ ಹೋಗಿದ್ದರೆ, ಆ ಸೀಸೆಯ ಬಾಯನ್ನು ಕೈಯಿಂದ ತಿದ್ದಿಲ್ಲ; ಸಾಮಾನ್ಯವಾಗಿ ಅದು ಯಂತ್ರದಿಂದ ಮಾಡಿದುದು. ಓಹಿಯೋ ಪ್ರಾಂತದ ಟೊಲೀಡೊ ನಗರದಲ್ಲಿ ಮೈಕೇಲ್ ಓವೆನ್ಸನು ತಾನೇ ತಾನಾಗಿ ಸೀಸೆ ಮಾಡುವ ಯಂತ್ರವನ್ನು ೧೯೦೩ರಲ್ಲಿ ಕೆಲಸಕ್ಕೆ ತಂದನು; ೧೯೦೪ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಆ ಯಂತ್ರವು ಕರಗಿದ ಗಾಜನ್ನು ಕೆಳಗಿನಿಂದ ಹೀರಿ, ಅಲಗಿನಿಂದ ಕತ್ತರಿಸುತ್ತಿದ್ದುದರಿಂದ ಬುಡದಲ್ಲಿ ಸ್ವಲ್ಪ ಓರೆಯಾಗಿ ಕುಳಿತ, ಅಂಚು ಒರಟಾದ ವರ್ತುಲವೊಂದು ಉಳಿಯುತ್ತದೆ. ಈ ವರ್ತುಲವನ್ನು ಕಂಡರೆ ಸೀಸೆ ೧೯೦೩ಕ್ಕಿಂತ ಹಿಂದಿನದಲ್ಲವೆಂದು ಧೈರ್ಯವಾಗಿ ಹೇಳಬಹುದು. ಆದರೆ ಇದರ ವಿಲೋಮ ನಿಜವಲ್ಲ. ಕೈಯಿಂದ ಬಾಯಿ ತಿದ್ದಿದ ಸೀಸೆಯೆಲ್ಲ ೧೯೦೩ಕ್ಕಿಂತ ಹಿಂದಿನದೆಂದು ಹೇಳಲಾಗದು. ಯಂತ್ರವು ಎಲ್ಲ ಕುಲುಮೆಗಳಿಗೂ ಒಂದೇ ದಿನ ಬರಲಿಲ್ಲ. ಬಡ ಕಾರ್ಖಾನೆಗಳಲ್ಲಿ, ದೂರದ ದೇಶಗಳಲ್ಲಿ ಊದುಕೊಳವೆ ಅನೇಕ ವರ್ಷ ಉಳಿಯಿತು.

೫. ಬಣ್ಣ

ಗಾಜಿನ ಬಣ್ಣ ಕಣ್ಣಿಗೆ ಮೊದಲು ಬೀಳುವಂತಹುದು; ಸಾಕ್ಷ್ಯದಲ್ಲಿ ಮಾತ್ರ ಕಡೆಯದು. ಮರಳಿನಲ್ಲಿ ಸಹಜವಾಗಿ ಇರುವ ಕಬ್ಬಿಣದ ಅಂಶವೇ ಸಾಧಾರಣ ಗಾಜಿಗೆ ತಿಳಿಯಾದ ಹಸುರು ನೀಲಿಯನ್ನು ಕೊಡುತ್ತದೆ. ಹಳೆಯ ಸೋಡ ಸೀಸೆಗಳಲ್ಲಿ ಬಹಳವಾಗಿ ಕಾಣುವ ಬಣ್ಣ ಇದು. ಇಂದೂ ಇಂತಹ ಗಾಜನ್ನು ಮಾಡಬಹುದು. ಈ ಹಸುರನ್ನು ಕಳೆದು ಬಿಳಿಯ ಗಾಜು ಮಾಡಲು ಮ್ಯಾಂಗನೀಸನ್ನು ಬೆರಸುತ್ತಿದ್ದರು. ಅಂತಹ ಗಾಜು ಬಹುಕಾಲ ಬಿಸಿಲಿಗೆ ಒಡ್ಡಿದರೆ ನಸುನೇರಿಳೆ ಬಣ್ಣಕ್ಕೆ ತಿರುಗುತ್ತದೆ. ಅಮೆರಿಕದಲ್ಲಿ ಸುಮಾರು ೧೮೮೦ರಿಂದ ಮೊದಲನೆಯ ಮಹಾಯುದ್ಧದ ಕಾಲದವರೆಗೆ ಇಂತಹ ಗಾಜಿನ ಸೀಸೆಗಳು ಹೇರಳವಾಗಿದ್ದವು. ಆದುದರಿಂದ ನಸುನೇರಿಳೆ ಸೀಸೆಗೆ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು; ಬೆಲೆ ಹೆಚ್ಚಿದ ಕಡೆ ಮೋಸವೂ ಹೆಚ್ಚು. ಸೀಸೆಯನ್ನು ಕೃತಕವಾದ ವಿಕಿರಣಕ್ಕೆ ಒಡ್ಡಿ ಗಾಢವಾದ ನೇರಿಳೆ ಬರಿಸಿ ಮಾರುವವರುಂಟು. ಅತಿ ಗಾಢವಾದ ನೇರಿಳೆಯನ್ನು ಕಂಡಾಗ ಸಂತೋಷಕ್ಕಿಂತ ಸಂಶಯಪಡುವುದು ಲೇಸು.

ನೆಲದಲ್ಲಿ ಹೂತಿದ್ದ ಸೀಸೆಯ ಮೈಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕೂಡುವುದುಂಟು. ಇದೂ ವಯಸ್ಸಿನ ಲೆಕ್ಕವಲ್ಲ. ಮಣ್ಣಿನ ತೇವ, ಮಣ್ಣಿನ ಗುಣ, ಗಾಜಿನ ಪಾಕ ಇವುಗಳಿಗನುಸಾರವಾಗಿ ಆ ಪೊರೆ ಬೇಗನೆ ಕೂಡಬಹುದು, ಕೂಡದೆಯೂ ಇರಬಹುದು.

೬. ಅಕ್ಷರ ಮತ್ತು ಅಂಕಿ

ಶಾಸನಾಭ್ಯಾಸ ಮಾಡಿದವರಿಗೆ ಸೀಸೆಯ ಮೇಲಿನ ಉಬ್ಬಕ್ಷರಗಳು ಸಹಜವಾಗಿಯೇ ಹೆಚ್ಚು ಪ್ರಿಯವಾಗುತ್ತವೆ. ಆದರೆ ಇಲ್ಲಿಯೂ ಓದು ಬೇರೆ, ಅರ್ಥ ಬೇರೆ. ಸೀಸೆಯ ಮೇಲೆ ಕಾಣುವ ಊರು ಸಾಮಾನ್ಯವಾಗಿ ಸೋಡ ತುಂಬಿ ಮಾರಿದವನ ಊರು. ಗಾಜಿನ ಕಾರ್ಖಾನೆಯ ಊರಲ್ಲ. ಗಾಜು ಮಾಡಿದವನ ಗುರುತು ಬಹುಮಟ್ಟಿಗೆ ಬುಡದಲ್ಲೋ, ಬುಡಕ್ಕೆ ಹತ್ತಿರದ ಅಂಚಿನಲ್ಲೋ ಚಿಕ್ಕದಾಗಿ ಇರುತ್ತದೆ. ದಾನಶಾಸನದಲ್ಲಿ ದಾನಿಯ ಹೆಸರು ದೊಡ್ಡದಾಗಿದ್ದು ಕಂಡರಿಸಿದವನ ಹೆಸರು ಕೊನೆಯ ಸಾಲಿನಲ್ಲಿರುವಂತೆ ಎಂದು ತಿಳಿಯಬಹುದು.

ಅಂಕಿಗಳ ವಿಷಯದಲ್ಲಿ ಕೋಕಾ-ಕೋಲಾ ಸೀಸೆ ಒಳ್ಳೆಯ ನಿದರ್ಶನ. ನಡುವು ಉಬ್ಬಿ, ಉದ್ದುದ್ದವಾಗಿ ಗೀರುಗಳುಳ್ಳ ಅದರ ಪ್ರಸಿದ್ಧವಾದ ಆಕಾರವನ್ನು ಇಂಡಿಯಾನಾ ಪ್ರಾಂತದ ಟೆರ್ ಹೋಟ್ ನಗರದ ರೂಟ್ ಗಾಜಿನ ಕಂಪೆನಿಯವರು ರೂಪಿಸಿದರು. ೧೯೧೫ರ ನವೆಂಬರ್ ೧೬ರಂದು ಅದಕ್ಕೆ ಪೇಟೆಂಟು ದೊರೆಯಿತು. ಅನೇಕ ಸೀಸೆಗಳ ಮೇಲೆ ಈ ದಿನಾಂಕವೇ ಅಚ್ಚಾಗಿದೆ. ಇನ್ನೂ ಕೆಲವುಗಳ ಮೇಲೆ ೧೯೨೩ರ ಡಿಸೆಂಬರ್ ೨೫ ಎಂದಿರುತ್ತದೆ. ಇವನ್ನು ಸಂಗ್ರಾಹಕರು ಕ್ರಿಸ್ಮಸ್ ಸೀಸೆಗಳೆಂದು ಕರೆಯುತ್ತಾರೆ. ಆ ವರ್ಷದ ಕ್ರಿಸ್ಮಸ್ ಹಬ್ಬಕ್ಕೆಂದು ಮಾಡಿದ ಸೀಸೆಗಳೆಂದು ಅನೇಕರು ನಂಬಿದ್ದಾರೆ, ಅದು ಸರಿಯಲ್ಲ. ಅದು ಮುಂದಿನ ಪೇಟೆಂಟಿನ ದಿನಾಂಕ ಮಾತ್ರ. ಇಂತಹ ಆಕಾರದ ಪೇಟೆಂಟಿಗೆ ಹದಿನಾಲ್ಕು ವರ್ಷ ಅವಧಿ ಇರುತ್ತಿದ್ದುದರಿಂದ, ೧೯೨೩ರ ದಿನಾಂಕವುಳ್ಳ ಸೀಸೆಗಳನ್ನು ೧೯೩೭ರ ಸುಮಾರಿನವರೆಗೂ ತಯಾರಿಸುತ್ತಿದ್ದರು. ತರುವಾಯ ಬಂದ ಸೀಸೆಗಳಲ್ಲಿ ದಿನಾಂಕದ ಬದಲು ಹೊಸ ಪೇಟೆಂಟಿನ ಸಂಖ್ಯೆ ಕಾಣುತ್ತದೆ. ೧೯೨೩ ಎಂದು ತನ್ನ ಮೈಮೇಲೆಯೇ ಬರೆದುಕೊಂಡ ಸೀಸೆ ೧೯೩೬ರದಾಗಿರಬಹುದು. ದಿನಾಂಕ ಸುಳ್ಳಲ್ಲ, ಅದನ್ನು ಸೀಸೆಯ ಜನ್ಮದಿನವೆಂದು ಓದಿದ ನಮ್ಮ ಓದು ಸುಳ್ಳು.

ಹಲವು ಸಾಕ್ಷ್ಯಗಳನ್ನು ಒಟ್ಟಿಗೆ ತೂಗುವ ಕ್ರಮಕ್ಕೆ ಇನ್ನೊಂದು ಉದಾಹರಣೆಯನ್ನು ನೋಡೋಣ. ಓವೆನ್ಸ್ ಮತ್ತು ಇಲಿನಾಯ್ ಎಂಬ ಎರಡು ಗಾಜಿನ ಕಂಪೆನಿಗಳು ೧೯೨೯ರಲ್ಲಿ ಒಂದಾದವು. ಆ ಕೂಡುಸಂಸ್ಥೆಯ ಗುರುತು, ಅಡ್ಡವಾದ ವಜ್ರಾಕೃತಿಯ ಮೇಲೆ ಹೆಣೆದ ‘ಓ’ ಅಕ್ಷರ, ಅದರ ನಡುವೆ ‘ಐ’ ಅಕ್ಷರ. ಗುರುತಿನ ಎಡಗಡೆಯ ಸಂಖ್ಯೆ ಕಾರ್ಖಾನೆಯದು, ಬಲಗಡೆಯದು ಇಸವಿಯದು, ಕೆಳಗಿನದು ಅಚ್ಚಿನದು. ಇಸವಿಗೆ ಮೊದಮೊದಲು ಕೊನೆಯ ಅಂಕಿಯನ್ನು ಮಾತ್ರ ಹಾಕುತ್ತಿದ್ದುದರಿಂದ ಗೊಂದಲ ಹುಟ್ಟುತ್ತದೆ. ಬಲಗಡೆ ‘೪’ ಎಂದಿರುವ ಸೀಸೆಯೊಂದು ನಮ್ಮ ಕೈಗೆ ಬಂದಿತೆನ್ನೋಣ. ಅದು ೧೯೩೪ ಆಗಬಹುದು, ೧೯೪೪ ಆಗಬಹುದು. ಈಗ ಮಿಕ್ಕ ಲಕ್ಷಣಗಳನ್ನು ನೋಡಬೇಕು. ಸೀಸೆಯ ಮೇಲೆ ಬಣ್ಣದ ಹೆಸರನ್ನು ಬರೆದು ಸುಟ್ಟಿದ್ದಾರೆ; ಸೋಡ ಸೀಸೆಗಳ ಮೇಲೆ ಈ ಪದ್ಧತಿ ಅಮೆರಿಕದಲ್ಲಿ ೧೯೩೪ರಿಂದ ಬಂದುದು, ಆದುದರಿಂದ ಎರಡು ಇಸವಿಗಳೂ ಸಾಧ್ಯವೇ. ಬುಡದಲ್ಲಿ ‘ಡ್ಯೂರಾಗ್ಲಾಸ್’ ಎಂಬ ಹೆಸರು ಕೈಬರಹದ ರೀತಿಯಲ್ಲಿ ಅಚ್ಚಾಗಿದೆ. ಆ ಹೆಸರನ್ನು ಕಂಪೆನಿ ಬಳಸತೊಡಗಿದುದು ೧೯೪೦ರಲ್ಲಿ. ಇಲ್ಲಿಗೆ ೧೯೩೪ ಬಿದ್ದುಹೋಯಿತು. ೧೯೫೪ ಆಗಬಹುದೇ? ಆ ವರ್ಷದಿಂದ ಕಂಪೆನಿಯು ವಜ್ರಾಕೃತಿಯನ್ನು ಬಿಟ್ಟು ‘ಓ’ದೊಳಗೆ ‘ಐ’ ಮಾತ್ರ ಇರುವ ಹೊಸ ಗುರುತಿಗೆ ಬದಲಾಯಿಸಿಕೊಳ್ಳತೊಡಗಿತು. ಆದುದರಿಂದ ೧೯೪೪ ಎಂಬುದು ಹೆಚ್ಚು ಸಂಭಾವ್ಯ. ಒಂದೊಂದು ಲಕ್ಷಣವೂ ಒಂದೊಂದು ಬೇಲಿ. ಬೇಲಿಗಳ ನಡುವೆ ಉಳಿದ ಜಾಗವೇ ಸೀಸೆಯ ಕಾಲ. ಸಂಗ್ರಾಹಕನು “ಸಂಭಾವ್ಯ” ಎಂಬ ಮಾತನ್ನು ಬರೆಯಲು ನಾಚಬಾರದು.

೭. ನಮ್ಮ ನಾಡಿನ ಸೀಸೆಗಳು

ನಮ್ಮ ದೇಶದ ಸೀಸೆಗಳಿಗೆ ಅಮೆರಿಕದ ಸೂತ್ರಗಳನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ನಮ್ಮ ಇತಿಹಾಸದ ಸಾಮಾನ್ಯ ಜ್ಞಾನವೇ ಇಲ್ಲಿ ಬಹಳ ಸಹಾಯ ಮಾಡುತ್ತದೆ. ಸೀಸೆಯ ಮೇಲೆ ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ವಿಳಾಸ ಕಂಡರೆ, ಆ ಪ್ರದೇಶ ೧೮೮೧ರಿಂದ ೧೯೪೭ರವರೆಗೆ ಆ ಹೆಸರಿನಿಂದ ಬ್ರಿಟಿಷರ ಆಡಳಿತದಲ್ಲಿದ್ದುದರಿಂದ ಎರಡು ಮಿತಿಗಳೂ ಒಮ್ಮೆಗೇ ದೊರೆಯುತ್ತವೆ. ರಾಜ್ಯದ ಹೆಸರು ಕರ್ನಾಟಕವೆಂದಿದ್ದರೆ ೧೯೭೩ರ ನವೆಂಬರ್ ೧ಕ್ಕಿಂತ ಹಿಂದಿನದಾಗಿರುವುದು ಅಸಂಭವ. ಅಳತೆಯನ್ನು ಔನ್ಸಿನಲ್ಲಿ ಹೇಳಿದೆಯೇ ಮಿಲಿಲೀಟರಿನಲ್ಲಿ ಹೇಳಿದೆಯೇ ಎಂಬುದನ್ನು ನೋಡಬೇಕು. ನಮ್ಮಲ್ಲಿ ದಶಮಾನ ಪದ್ಧತಿ ೧೯೫೮ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದು ೧೯೬೨ರಲ್ಲಿ ಕಡ್ಡಾಯವಾಯಿತು. ಪಾನೀಯದ ಹೆಸರೂ ಮಿತಿಯನ್ನು ಕೊಡುತ್ತದೆ. ಕೋಕಾ-ಕೋಲಾ ಭಾರತದಲ್ಲಿ ೧೯೫೦ರ ಸುಮಾರಿಗೆ ಬಂದು, ೧೯೭೭ರಲ್ಲಿ ಹೊರಟು, ೧೯೯೩ರಲ್ಲಿ ಮರಳಿತು. ನಡುವೆ ಹದಿನಾರು ವರ್ಷ ಅದರ ಸೀಸೆಗೆ ಇಲ್ಲಿ ಎಡೆಯಿರಲಿಲ್ಲ. ಆ ತೆರಪಿನಲ್ಲಿ, ೧೯೭೭ರಲ್ಲಿ, ಹುಟ್ಟಿದುದು ಥಮ್ಸ್ ಅಪ್.

ಇವೆಲ್ಲಕ್ಕಿಂತ ಕಷ್ಟವಾದುದು ಗೋಲಿ ಸೋಡ ಸೀಸೆ. ಕಾಡನ ಪೇಟೆಂಟಿನ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಅದನ್ನು ತಯಾರಿಸಬಹುದಾಗಿತ್ತು. ಇಂಗ್ಲೆಂಡಿನಲ್ಲಿ ತಗಡಿನ ಮುಚ್ಚಳವು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅದನ್ನು ಓಡಿಸಿತು. ಆದರೆ ಭಾರತದಲ್ಲಿಯೂ, ‘ರಮುನೆ’ ಎಂಬ ಹೆಸರಿನಿಂದ ಜಪಾನಿನಲ್ಲಿಯೂ ಅದು ಉಳಿದುಕೊಂಡಿತು, ಇಂದಿಗೂ ತಯಾರಾಗುತ್ತಿದೆ. ನಮ್ಮಲ್ಲಿ ಉಳಿದುದಕ್ಕೆ ಕಾರಣವನ್ನು ಅದರ ರಚನೆಯಲ್ಲಿಯೇ ಕಾಣಬಹುದು. ತಗಡಿನ ಮುಚ್ಚಳವನ್ನು ಪ್ರತಿಸಲವೂ ಹೊಸದಾಗಿ ಕೊಳ್ಳಬೇಕು. ಗೋಲಿ ಸೀಸೆಯೊಳಗೆ ಬಿರಡೆ ಎಂದೆಂದಿಗೂ ಇದ್ದೇ ಇದೆ. ಕೈಯಿಂದ ತಿರುಗಿಸುವ ಯಂತ್ರವೊಂದು, ವಾಯು ತುಂಬಿದ ಉರುಳೆಯೊಂದು, ಕೆಲವು ಡಜನ್ ಸೀಸೆಗಳು ಇದ್ದರೆ ಸಣ್ಣ ಪೇಟೆಯ ಬಡ ವ್ಯಾಪಾರಿಯೂ ಉದ್ಯಮಿಯಾಗಬಹುದು. ಕುಡಿದವರು ಸೀಸೆಯನ್ನು ಅಂಗಡಿಯಲ್ಲಿಯೇ ಬಿಟ್ಟುಹೋಗುತ್ತಿದ್ದುದರಿಂದ ತೊಳೆದು, ತುಂಬಿ, ಮತ್ತೆ ಮಾರುವುದು. ರಬ್ಬರ್ ಸವೆದರೆ ಬದಲಾಯಿಸುವುದು. ಸೀಸೆ ಒಡೆಯುವವರೆಗೂ ಅದಕ್ಕೆ ನಿವೃತ್ತಿಯಿಲ್ಲ.

ಆದುದರಿಂದ ಗೋಲಿ ಸೀಸೆಯ ಆಕಾರವು ೧೮೭೨ ಎಂಬ ಪೂರ್ವಮಿತಿಯನ್ನಲ್ಲದೆ ಬೇರೇನನ್ನೂ ಹೇಳಲಾರದು. ಬುಡದ ಮೇಲಿನ ಗೀರುಗಳನ್ನು ನೋಡಬೇಕು. ಪೆಟ್ಟಿಗೆಯಲ್ಲಿ ಒಂದಕ್ಕೊಂದು ಉಜ್ಜಿ ಒಡಲ ಸುತ್ತ ಮಂಕಾದ ಪಟ್ಟೆ ಮೂಡಿದೆಯೇ ಎಂಬುದನ್ನು ನೋಡಬೇಕು. ಇವು ಸೀಸೆ ದುಡಿದುದಕ್ಕೆ ಗುರುತುಗಳು. ಅಲಂಕಾರಕ್ಕೆಂದು ಮಾಡಿ ಹಳೆಯದೆಂದು ಮಾರುವ ಸೀಸೆಗಳಲ್ಲಿ ಇವು ಇರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಕೊಂಡವರು, ತುಂಬಿದವರು ಬದುಕಿದ್ದರೆ ಅವರನ್ನು ಕೇಳಬೇಕು. ನಾವು ಮಾಡದೆ ಬಿಟ್ಟುದು ಇದನ್ನೇ. ಪುಸ್ತಕದಲ್ಲಿದ್ದ ಇಸವಿಯನ್ನು ನಂಬಿದೆವು. ಒಂದು ಬಸ್ಸಿನ ದೂರದಲ್ಲಿದ್ದ ಸಾಕ್ಷಿಯನ್ನು ವಿಚಾರಿಸಲಿಲ್ಲ.

೮. ಸಂಗ್ರಾಹಕನ ಹೊಣೆ

ಸಂಗ್ರಾಹಕನಾಗಬಯಸುವ ವಿದ್ಯಾರ್ಥಿಗಳಿಗೆ ಎರಡು ಮಾತು ಹೇಳುವುದು ಉಚಿತ. ಮೊದಲನೆಯದಾಗಿ, ಸೀಸೆ ದೊರೆತ ಸ್ಥಳ, ಆಳ, ಅದರ ಜೊತೆಯಲ್ಲಿದ್ದ ವಸ್ತುಗಳು, ಕೊಟ್ಟವರ ಹೇಳಿಕೆ ಇವನ್ನು ಆಗಲೇ ಬರೆದಿಡಬೇಕು. ಹಳೆಯ ಬಾವಿಯಲ್ಲಿ, ಹಾಳು ಬಿದ್ದ ತಿಪ್ಪೆಯಲ್ಲಿ ದೊರೆತ ಹತ್ತು ಸೀಸೆಗಳ ಪೈಕಿ ಒಂಬತ್ತು ಹಳೆಯವಾಗಿದ್ದು ಒಂದು ಈಚಿನದಾಗಿದ್ದರೆ, ಅಲುಗದ ಪದರದಲ್ಲಿ ಆ ಹತ್ತನ್ನೂ ಎಸೆದ ಕಾಲವನ್ನು ಹೇಳುವುದು ಆ ಈಚಿನ ಸೀಸೆಯೇ. ಚೆಂದವಾದ ಒಂಬತ್ತನ್ನು ಆರಿಸಿಕೊಂಡು ಹತ್ತನೆಯದನ್ನು ಬಿಸಾಡಿದವನು ಚರಿತ್ರೆಯ ಪುಟದಿಂದ ತಾರೀಖನ್ನೇ ಹರಿದು ಬಿಸಾಡಿದಂತೆ. ಎರಡನೆಯದಾಗಿ, ಹೊಳಪು ಬರಿಸುವ ಆತುರದಿಂದ ಸೀಸೆಯನ್ನು ಒರಟು ಪುಡಿಯಿಂದ ತಿಕ್ಕಬಾರದು. ಮೇಲೆ ಹೇಳಿದ ಗೆರೆ, ವರ್ತುಲ, ಗೀರು ಇವೆಲ್ಲ ಕೂದಲೆಳೆಯಷ್ಟು ಸೂಕ್ಷ್ಮವಾದುವು; ಒಮ್ಮೆ ಸವೆದರೆ ಮತ್ತೆ ಬಾರವು.

ನಮ್ಮ ಕಪಾಟಿನ ಸೀಸೆಗೆ ಈಗ ಬೇರೆ ಚೀಟಿ ಅಂಟಿಸಿದೆ: “ಗೋಲಿ ಸೋಡ ಸೀಸೆ. ಈ ಮಾದರಿ ಇಂಗ್ಲೆಂಡಿನಲ್ಲಿ ರೂಪುಗೊಂಡುದು ೧೮೭೨. ಈ ಸೀಸೆ ಬಳಕೆಗೆ ಬಂದುದು ೧೯೭೫, ಬಳಸಿದವರ ಹೇಳಿಕೆಯಂತೆ.” ವಯಸ್ಸು ನೂರಮೂರು ವರ್ಷ ಇಳಿದುದರಿಂದ ಸೀಸೆಯ ಬೆಲೆ ಇಳಿಯಿತೆಂದು ನಾವು ಮೊದಲು ನೊಂದುಕೊಂಡೆವು. ಈಗ ಹಾಗೆ ತೋರುವುದಿಲ್ಲ. ೧೮೭೨ರ ಸೀಸೆಯಾಗಿದ್ದರೆ ಅದು ಇಂಗ್ಲೆಂಡಿನ ಒಬ್ಬ ಯಂತ್ರಜ್ಞನ ಜಾಣ್ಮೆಗೆ ಸಾಕ್ಷಿಯಾಗುತ್ತಿತ್ತು. ಆ ಮಾತನ್ನು ಹೇಳಲು ಪೇಟೆಂಟಿನ ಕಾಗದವೇ ಸಾಕು. ಆತನ ಜಾಣ್ಮೆಯನ್ನು ನೂರು ವರ್ಷಗಳ ತರುವಾಯವೂ ನಮ್ಮ ಪೇಟೆಯ ವ್ಯಾಪಾರಿಯೊಬ್ಬನು ತನ್ನದಾಗಿಸಿಕೊಂಡು ಬದುಕು ಕಟ್ಟಿದನೆಂಬುದಕ್ಕೆ ಈ ಸೀಸೆಯನ್ನು ಬಿಟ್ಟರೆ ಬೇರೆ ದಾಖಲೆಯಿಲ್ಲ. ಸರಿಯಾದ ಕಾಲವನ್ನು ಹೇಳಿದಾಗ ಮಾತ್ರ ಅದು ಆ ಸಾಕ್ಷ್ಯವನ್ನು ನುಡಿಯುತ್ತದೆ.